ಒಬ್ಬಳ ನಡಿಗೆ, ಎಂಟು ಮನೆಯ ಲೆಕ್ಕ

ಪ್ರಶ್ನೆಯಕ್ಕ ಬರುತ್ತಿದ್ದಾಳೆಂಬುದು ಅವಳು ಕಣ್ಣಿಗೆ ಬೀಳುವ ಮುಂಚೆಯೇ ಬೀದಿಗೆ ಗೊತ್ತಾಗುತ್ತಿತ್ತು. ಬಲಗಾಲಿನ ಚಪ್ಪಲಿ ಟಪ್ ಎಂದರೆ ಎಡಗಾಲಿನದು ಸರ್ರ್ ಎನ್ನುತ್ತಿತ್ತು. ಚಿಕ್ಕವಳಿದ್ದಾಗ ಶಾಲೆಯ ಕಾಂಪೌಂಡ್ ಹಾರಲು ಹೋಗಿ ಮುರಿದುಕೊಂಡ ಎಡಗಾಲು, ಕೂಡಿಕೊಳ್ಳುವಾಗ ತುಸು ಗಿಡ್ಡವಾಗಿಯೇ ಕೂಡಿಕೊಂಡಿತ್ತು. ಅದರಿಂದ ಅವಳ ಓಡಾಟಕ್ಕೇನೂ ಅಡ್ಡಿಯಾಗಿರಲಿಲ್ಲ. ನೆಟ್ಟಗಿನ ಕಾಲಿದ್ದವರೆಲ್ಲ ಮೂರನೇ ಬೀದಿಗೆ ಉಸ್ಸೆಂದು ಕೂತರೆ ಇವಳು ಏಳನೇ ಬೀದಿಯಲ್ಲಿ ಯಾರದೋ ಬಾಗಿಲು ತಟ್ಟುತ್ತಿರುತ್ತಿದ್ದಳು.

ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಹಾಳೆಯಲ್ಲಿ ಮಾತ್ರ ಇತ್ತು. ಊರಿನ ಬಾಯಲ್ಲಿ ಅವಳು ಪ್ರಶ್ನೆಯಕ್ಕ. ಕೆಲವು ವರ್ಷಗಳಿಗೊಮ್ಮೆ ನಡೆಯುವ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು ಅವಳ ಕೆಲಸ. ದೇಶದ ಜನ ಎಷ್ಟು ಓಡಾಡುತ್ತಾರೆ, ಎಷ್ಟು ಹೊತ್ತು ಕುಂಡೆ ಊರಿ ಕೂತಿರುತ್ತಾರೆ ಎಂದು ದೊಡ್ಡವರಿಗೆ ತಿಳಿಯಬೇಕಾಗಿತ್ತು. ದೊಡ್ಡವರು ತಾವೇ ಬಂದು ನೋಡುವುದಿಲ್ಲವಲ್ಲ, ಅದಕ್ಕೆ ಇವಳನ್ನು ಕಳಿಸುತ್ತಿದ್ದರು.

"ಸಾಮಾನ್ಯವಾಗಿ ಒಂದು ವಾರದಲ್ಲಿ, ಏದುಸಿರು ಬರುವಂಥ ಕೆಲಸ ಎಷ್ಟು ದಿನ ಮಾಡ್ತೀರಿ?" ಇದು ಅವಳ ದೊಡ್ಡ ಪ್ರಶ್ನೆ. ಕೇಳಿ ಸುಮ್ಮನಾಗಬೇಕು, ಅದೇ ಆ ಕೆಲಸದ ಗುಟ್ಟು. ಉತ್ತರವನ್ನು ನಾವೇ ಅವರ ಬಾಯಿಗೆ ತುರುಕಬಾರದು, ಮುಖ ಹಿಂಡಬಾರದು, ಹುಬ್ಬು ಹಾರಿಸಬಾರದು. ಕಾಯಬೇಕು. ಕಾಯುವುದರಲ್ಲಿ ಪ್ರಶ್ನೆಯಕ್ಕನನ್ನು ಮೀರಿಸುವವರಿರಲಿಲ್ಲ. ಒಮ್ಮೊಮ್ಮೆ ಗಂಡನಿಗೂ ಮನೆಯಲ್ಲಿ ಹೀಗೇ ಏನಾದರೂ ಕೇಳಿ ಕಾಯುತ್ತಾ ನಿಂತುಬಿಡುತ್ತಿದ್ದಳು. ಬಸ್ ಓಡಿಸುವ ಆ ಮನುಷ್ಯ, ಪೊಲೀಸರಾದರೂ ವಾಸಿ, ಎರಡೇಟು ಹೊಡೆದು ಬಿಡ್ತಾರೆ ಎಂದು ಗೊಣಗಿ ಉಳಿದ ನಿಜವನ್ನೆಲ್ಲ ಕಕ್ಕುತ್ತಿದ್ದ.

ಆದರೆ ಜನರ ಬಾಯಿಯ ಲೆಕ್ಕ ಯಾವತ್ತೂ ನೆಟ್ಟಗಿರುವುದಿಲ್ಲ. ಗಲ್ಲಾಪೆಟ್ಟಿಗೆ ಮುಂದಿನಿಂದ ಏಳದ ಅಂಗಡಿಯವನು ತಾನು ದಿನವಿಡೀ ಕಾಲ ಮೇಲೇ ಇರುತ್ತೇನೆ ಎಂದು ಎದೆ ಉಬ್ಬಿಸುತ್ತಿದ್ದ. ಕೆಳಗಿನ ನಲ್ಲಿಯಿಂದ ಮೂರನೇ ಮಹಡಿಗೆ ಕೊಡ ಹೊತ್ತು ಏರಿಳಿಯುವ ಹೆಂಗಸು, "ನಾನೇನೂ ಮಾಡಲ್ಲಕ್ಕ, ಮನೇಲೇ ಇರ್ತೀನಿ" ಎಂದು ನಾಚಿಕೊಳ್ಳುತ್ತಿದ್ದಳು. ಇಂಥ ಉತ್ತರಗಳಿಂದ ಬೇಸತ್ತು ಈ ಸಲ ಕಚೇರಿಯವರು ಬೆಲ್ಟು ತಂದಿದ್ದರು. ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ, ಅದಕ್ಕೊಂದು ಎಲಾಸ್ಟಿಕ್ ಪಟ್ಟಿ. ಆರಿಸಿದ ಮನೆಯಲ್ಲಿ ಆರಿಸಿದ ಒಬ್ಬರು ಅದನ್ನು ಒಂದು ವಾರ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಸ್ನಾನಕ್ಕೆ, ನಿದ್ದೆಗೆ ಬಿಚ್ಚಿಡಬಹುದು. ನಡೆದದ್ದು, ನಿಂತದ್ದು, ಕೂತದ್ದು ಎಲ್ಲ ಒಳಗೇ ಬರೆದುಕೊಳ್ಳುತ್ತದೆ. ಮೇಲೆ ದೀಪವಿಲ್ಲ, ಗುಂಡಿಯಿಲ್ಲ. ಓಡುತ್ತಿದೆಯೋ ಮಲಗಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಜನ ಕೆದಕಬಾರದೆಂದು ಹಾಗೆ ಮಾಡಿದ್ದರಂತೆ.

ಇನ್ನು ತಕ್ಕಡಿಯ ಮಾತು. ಅವಳಿಲ್ಲದೆ ಪ್ರಶ್ನೆಯಕ್ಕನ ಕತೆ ಇಲ್ಲ.

ಸಮೀಕ್ಷೆಗೆ ಜೋಡಿಯಾಗಿ ಹೋಗಬೇಕೆಂಬುದು ನಿಯಮ. ಒಬ್ಬಳು ಪ್ರಶ್ನೆ ಕೇಳುವವಳು, ಇನ್ನೊಬ್ಬಳು ತೂಕ, ಎತ್ತರ, ಸೊಂಟದ ಸುತ್ತಳತೆ ನೋಡುವವಳು. ಆ ಎರಡನೆಯವಳೇ ತಕ್ಕಡಿ. ದುಂಡು ಮುಖ, ನಗುವ ಬಾಯಿ. ತೂಕದ ಯಂತ್ರದ ಮೇಲೆ ಹತ್ತಲು ಹಿಂಜರಿಯುವ ಹೆಂಗಸರಿಗೆ, "ಹತ್ತಿ ಅಮ್ಮಾ, ನನ್ನನ್ನೇ ಹೊತ್ತು ಬದುಕಿರೋ ಯಂತ್ರ ಇದು" ಎಂದು ನಗಿಸಿ ಹತ್ತಿಸುತ್ತಿದ್ದಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಾಡಿಗೆಯ ಒಂದು ಕೋಣೆ, ಕಿಟಕಿಯಲ್ಲಿ ಎರಡು ಹೂಕುಂಡ, ಮತ್ತು ಪ್ರಶ್ನೆಯಕ್ಕ. ಇಷ್ಟೇ ತನ್ನ ಸಂಸಾರ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಪ್ರಶ್ನೆಯಕ್ಕನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಮಗುವನ್ನು ಮೊದಲು ಎತ್ತಿಕೊಂಡದ್ದು ಅವಳೇ. ಮಗಳು ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದಳು. ರಕ್ತಸಂಬಂಧವೇನೂ ಇರಲಿಲ್ಲ, ಅದನ್ನು ಯಾರೂ ನೆನಪಿಸಿಕೊಳ್ಳುತ್ತಲೂ ಇರಲಿಲ್ಲ.

ತಕ್ಕಡಿಗೆ ಮಂಡಿನೋವು. ಅದು ನಟನೆಯಲ್ಲ, ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮೆಟ್ಟಿಲು ಇಳಿಯುವಾಗ ಅವಳ ಕಣ್ಣಲ್ಲಿ ನೀರಾಡುವುದನ್ನು ಪ್ರಶ್ನೆಯಕ್ಕ ಎಷ್ಟೋ ಸಲ ಕಂಡಿದ್ದಳು. ಅವರವರ ಸಾಮಾನನ್ನು ಅವರವರೇ ಹೊರಬೇಕು, ಕೈ ಬದಲಾಯಿಸಬಾರದು ಎಂದು ತರಬೇತಿಯಲ್ಲಿ ಬಡಿದುಕೊಂಡು ಹೇಳಿದ್ದರು. ಆದರೆ ಕಣ್ಣೆದುರಿಗೆ ಒಬ್ಬಳು ಕುಂಟುವಾಗ ಯಾರು ನಿಯಮ ನೋಡುತ್ತಾರೆ? ಪ್ರಶ್ನೆಯಕ್ಕ ತಕ್ಕಡಿಯ ಚೀಲವನ್ನೂ ತಾನೇ ತೆಗೆದುಕೊಂಡು ಅಡ್ಡಡ್ಡ ನೇತುಹಾಕಿ, ಅಲ್ಲಾಡದಿರಲೆಂದು ಅದರ ಪಟ್ಟಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಹೀಗೆ ಶುರುವಾದದ್ದು ಅಭ್ಯಾಸವಾಯಿತು. ಕುಂಟಿ ಕುಂಟಿಗೆ ಆಸರೆ ಎಂದು ಇಬ್ಬರೂ ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ನಗುತ್ತಿದ್ದರು. ಸೂಪರ್‌ವೈಸರ್ ನೋಡಿದರೂ ನೋಡದವನಂತಿದ್ದ. ಕೆಲಸ ಮುಗಿದರೆ ಸಾಕು ಅವನಿಗೆ.

ಆ ಸಲ ಅವರ ಪಾಲಿಗೆ ಬಂದದ್ದು ದಿಣ್ಣೆಯ ಪ್ರದೇಶ. ದಿಣ್ಣೆಯ ಬುಡದಲ್ಲಿ ಓಣಿಗಳು, ನೆತ್ತಿಯ ಮೇಲೆ ನಾಲ್ಕು ಮಹಡಿಯ ಹಳೆಯ ವಸತಿ ಕಟ್ಟಡ. ಲಿಫ್ಟಿಲ್ಲ. ಮೆಟ್ಟಿಲ ಕಂಬಿಗೆ ಬಳಿದ ಬಣ್ಣ ಎದ್ದು ಕೈಗೆ ಅಂಟುತ್ತಿತ್ತು. ಅಲ್ಲಿ ಚೀಟಿ ಬಿದ್ದ ಎಂಟು ಮನೆಗಳಲ್ಲಿ ಎಂಟು ಹೆಂಗಸರು ಬೆಲ್ಟು ಕಟ್ಟಿಕೊಳ್ಳಬೇಕಿತ್ತು. ಮೊದಲ ದಿನ ಇಬ್ಬರೂ ಹತ್ತಿ ಹೋದಾಗ ಒಬ್ಬಳು ಅದು ಮಾತು ಕದ್ದು ಕೇಳುವ ಯಂತ್ರ ಎಂದು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು ನವೆಯಾಗುತ್ತದೆ ಎಂದಳು. ಕೆಲವರು ನಾಳೆ ಬನ್ನಿ ಎಂದರು. ಇಳಿಯುವಾಗ ತಕ್ಕಡಿ ಎರಡು ಕಡೆ ಕೂತು ಎದ್ದಳು. ಸೂಪರ್‌ವೈಸರ್ ಮಾತ್ರ ಬೆಳಗ್ಗೆ ಸಂಜೆ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದ. ಬೇಕಾದರೆ ಇಬ್ಬರೂ ಬೇರೆ ಬೇರೆ ಹೋಗಿ, ಹೇಗಾದರೂ ಮಾಡಿ ಮುಗಿಸಿ ಎಂದುಬಿಟ್ಟ.

ಆಗ ತಕ್ಕಡಿಯೇ ದಾರಿ ಹೇಳಿದಳು. ಕೆಳಗಿನ ಓಣಿಗಳಲ್ಲಿ ಮನೆ ಜಾಸ್ತಿ, ಓಡಾಟ ಜಾಸ್ತಿ, ಅದನ್ನು ನೀನು ನೋಡು. ಮೇಲಿನ ಎಂಟು ಮನೆ ನನಗಿರಲಿ, ದಿನಕ್ಕೆ ಒಂದು ಸಲ ನಿಧಾನವಾಗಿ ಹತ್ತಿದರೆ ಆಯಿತು, ಪ್ರಶ್ನೆಯನ್ನೂ ನಾನೇ ಕೇಳುತ್ತೇನೆ, ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ ಎಂದಳು. ಪ್ರಶ್ನೆಯಕ್ಕ ನಿನ್ನ ಮಂಡಿಗೆ ಏನಾದರೂ ಆದರೆ ಎಂದು ಬೈದಳು, ಬೇಡವೇ ಬೇಡ ಎಂದಳು, ಕೊನೆಗೆ ಒಪ್ಪಿಕೊಂಡಳು. ಕಚೇರಿಯವರು ಕೊಟ್ಟ ಟ್ಯಾಬಿನಲ್ಲಿ ಪ್ರಶ್ನೆಗಳು ತೆರೆದುಕೊಳ್ಳುವುದು ಪ್ರಶ್ನೆಯಕ್ಕನ ಪಾಸ್‌ವರ್ಡಿಗೆ ಮಾತ್ರ. ಅದನ್ನೂ ಹೇಳಿಕೊಟ್ಟಳು. ಅದು ಮಗಳ ಹೆಸರಾಗಿತ್ತು. ತಕ್ಕಡಿ, ಇದನ್ನು ನೀನು ಹೇಳಬೇಕಾಗಿತ್ತಾ, ನಾನೇ ಊಹಿಸ್ತಿದ್ದೆ ಎಂದು ನಕ್ಕಳು.

ಮುಂದಿನ ವಾರವೆಲ್ಲ ತಕ್ಕಡಿ ಬೆಳಗ್ಗೆ ದಿಣ್ಣೆಯ ಬುಡದ ಚಹಾ ಅಂಗಡಿಯ ಹತ್ತಿರ ಸಿಕ್ಕಿ ತನ್ನ ಚೀಲ ಕೊಡುತ್ತಿದ್ದಳು. ಉಳಿದ ಬೆಲ್ಟು, ಚಾರ್ಜರು, ಹಾಳುಮೂಳು ಎಲ್ಲ ಇದೆ, ಹೊತ್ತುಕೊಂಡು ಹತ್ತೋಕ್ಕಾಗಲ್ಲ, ಸಂಜೆ ಇಸ್ಕೋತೀನಿ ಎನ್ನುತ್ತಿದ್ದಳು. ಪ್ರಶ್ನೆಯಕ್ಕ ಅದನ್ನು ಸೊಂಟಕ್ಕೆ ಬಿಗಿದುಕೊಂಡು ಟಪ್ ಸರ್ರ್ ಎಂದು ಓಣಿಗೆ ಇಳಿಯುತ್ತಿದ್ದಳು. ಬಾಗಿಲ ಬಳಿ ನಿಲ್ಲುವಳು, ಕೇಳುವಳು, ಕಾಯುವಳು, ಮುಂದಿನ ಬಾಗಿಲಿಗೆ ನಡೆಯುವಳು. ಸಂಜೆ ಚೀಲ ಕೊಟ್ಟು, ಮಂಡಿ ಹೇಗಿದೆ ಎಂದು ಕೇಳುವಳು. ಒಂದು ದಿನವೂ ಮರೆಯಲಿಲ್ಲ. ಒಂದು ದಿನವೂ ಚೀಲದ ಒಳಗೆ ಕೈ ಹಾಕಲಿಲ್ಲ. ಯಾಕೆ ಹಾಕಬೇಕು? ಅಕ್ಕತಂಗಿಯರ ಚೀಲವನ್ನು ಯಾರಾದರೂ ಜಾಲಾಡುತ್ತಾರೆಯೇ?

ಓಣಿಯ ಬೆಲ್ಟುಗಳು ವಾಪಸ್ಸು ಬಂದಾಗ ಒಂದೊಂದರದೂ ಒಂದೊಂದು ರಾಮಾಯಣ. ಒಬ್ಬ ಅಜ್ಜ ಫ್ರಿಜ್ಜಿನ ಮೇಲಿಟ್ಟು ಮರೆತಿದ್ದ. ಒಬ್ಬಾಕೆ, ಇವರಿಗೇ ವ್ಯಾಯಾಮ ಬೇಕಾಗಿರೋದು ಎಂದು ತನ್ನ ಬೆಲ್ಟನ್ನು ಗಂಡನ ಹೊಟ್ಟೆಗೆ ಕಟ್ಟಿ ಅಂಗಡಿಗೆ ಅಟ್ಟಿದ್ದಳು. ಪ್ರಶ್ನೆಯಕ್ಕ ತಲೆ ಚಚ್ಚಿಕೊಂಡು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಳು. ದಿಣ್ಣೆಯ ಮೇಲಿನ ಎಂಟು ಮಾತ್ರ ಚಿನ್ನದಂತೆ ಬಂದವು. ಒಬ್ಬಳೂ ಮರೆತಿರಲಿಲ್ಲ, ಒಬ್ಬಳೂ ಮಧ್ಯಾಹ್ನ ಬಿಚ್ಚಿಟ್ಟು ಮಲಗಿರಲಿಲ್ಲ. ಸೂಪರ್‌ವೈಸರ್ ಭೇಷ್ ಎಂದ. ಪ್ರಶ್ನೆಯಕ್ಕ ತಕ್ಕಡಿಯ ಬೆನ್ನು ತಟ್ಟಿದಳು.

ಕಚೇರಿಯಿಂದ ಇಬ್ಬರಿಗೂ ಕರೆ ಬಂದಾಗ ಪ್ರಶ್ನೆಯಕ್ಕ ಅದನ್ನು ಹೊಗಳಿಕೆಯ ಕರೆಯೆಂದೇ ತಿಳಿದು, ಮದುವೆಮನೆಗೆ ಹೋಗುವವಳ ಹಾಗೆ ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೊರಟಳು. ಗಂಡ ಚಪ್ಪಲಿಗೆ ಪಾಲಿಶ್ ಹಾಕಿಕೊಟ್ಟ.

ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಯ ಮೇಲೊಂದು ಪರದೆ. ಸೂಪರ್‌ವೈಸರ್ ಒಂದು ಮೂಲೆಯಲ್ಲಿ ಮುದುಡಿ ಕೂತಿದ್ದ. ಅಂಕಿಅಂಶ ನೋಡುವ ಅಧಿಕಾರಿ, ಕನ್ನಡಕದ ಹೆಂಗಸು, ಕೂತುಕೊಳ್ಳಿ ಎಂದಳು. ಪರದೆಯ ಮೇಲೆ ಎಂಟು ಗೆರೆಗಳು ಒಂದರ ಕೆಳಗೊಂದು ಮೂಡಿದವು. ಒಂದು ಏರಿದಲ್ಲಿ ಎಲ್ಲವೂ ಏರಿದ್ದವು, ಒಂದು ನಿಂತಲ್ಲಿ ಎಲ್ಲವೂ ನಿಂತಿದ್ದವು. ಎಂಟು ಮನೆಯ ಎಂಟು ಹೆಂಗಸರು ಒಂದೇ ಗಳಿಗೆಯಲ್ಲಿ ಎದ್ದು, ಒಂದೇ ಗಳಿಗೆಯಲ್ಲಿ ನಿಂತು, ಒಂದೇ ಗಳಿಗೆಯಲ್ಲಿ ನಡೆದಿದ್ದರು. ಪ್ರಶ್ನೆಯಕ್ಕನಿಗೆ ನಗು ಬಂತು. ಯಂತ್ರ ಕೆಟ್ಟಿದೆ ಎಂದುಕೊಂಡಳು.

ಅಧಿಕಾರಿ ಒಂಬತ್ತನೆಯ ಗೆರೆಯೊಂದನ್ನು ತಂದು ಅವುಗಳ ಪಕ್ಕಕ್ಕಿಟ್ಟಳು. ತರಬೇತಿಯ ವಾರದಲ್ಲಿ ಕೆಲಸದವರೆಲ್ಲ ತಾವೇ ಬೆಲ್ಟು ಕಟ್ಟಿಕೊಂಡು ಓಡಾಡಿದ್ದರಲ್ಲ, ಆಗಿನದು. ಒಂದು ಹೆಜ್ಜೆ ಎತ್ತರ, ಒಂದು ಹೆಜ್ಜೆ ತಗ್ಗು. ಸ್ವಲ್ಪ ನಡಿಗೆ, ಒಂದು ನಿಲುಗಡೆ, ಮತ್ತೆ ಸ್ವಲ್ಪ ನಡಿಗೆ. ಅದೇ ಏರಿಳಿತ ಎಂಟರಲ್ಲೂ ಇತ್ತು.

"ಇದು ಯಾರ ನಡಿಗೆ ಅಂತ ಗೊತ್ತಾಗುತ್ತಾ?" ಎಂದು ಅಧಿಕಾರಿ ಕೇಳಿದಳು.

"ನಂದು," ಎಂದಳು ಪ್ರಶ್ನೆಯಕ್ಕ. ಸುಳ್ಳು ಹೇಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಕನ್ನಡಿಯಲ್ಲಿ ಮುಖ ತೋರಿಸಿ ಯಾರೆಂದು ಕೇಳಿದರೆ ಹೇಳುವ ಹಾಗೆ ಹೇಳಿಬಿಟ್ಟಳು.

ಹೇಳಿದ ಮೇಲೆ ಹೊಳೆಯಿತು. ಚೀಲ. ಸೊಂಟಕ್ಕೆ ಬಿಗಿದ ಚೀಲ. ಬೆಳಗ್ಗೆ ಕೊಟ್ಟು ಸಂಜೆ ಇಸಿದುಕೊಂಡ ಚೀಲ. ವಾರವೆಲ್ಲ ಅವಳು ಆ ಎಂಟು ಬೆಲ್ಟುಗಳನ್ನು ತಾನೇ ಕಟ್ಟಿಕೊಂಡು ಓಣಿ ಓಣಿ ಸುತ್ತಿದ್ದಳು. ಮೆಲ್ಲಗೆ ತಿರುಗಿ ಪಕ್ಕದ ಕುರ್ಚಿಯನ್ನು ನೋಡಿದಳು. ತಕ್ಕಡಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಪ್ರಶ್ನೆಯಕ್ಕ ಕಾದಳು. ಜೀವಮಾನದಲ್ಲಿ ಯಾವ ಬಾಗಿಲಲ್ಲೂ ಅಷ್ಟು ಆಸೆಯಿಂದ ಕಾದಿರಲಿಲ್ಲ. ಈಗ ಹೇಳುತ್ತಾಳೆ, ತಪ್ಪಾಯಿತು ಎನ್ನುತ್ತಾಳೆ, ಇಬ್ಬರೂ ಬೈಸಿಕೊಂಡು ಹೊರಗೆ ಹೋಗಿ ಅತ್ತುಕೊಂಡರಾಯಿತು ಎಂದುಕೊಂಡಳು.

"ಮೇಲಿನ ಮನೆಗಳು ಅವಳ ಪಾಲಿಗೇ ಇದ್ದದ್ದು ಮೇಡಂ," ಎಂದಳು ತಕ್ಕಡಿ. "ನನಗೆ ಮೆಟ್ಟಿಲು ಹತ್ತೋಕೆ ಆಗಲ್ಲ. ನನ್ನ ಮಂಡಿ ವಿಷಯ ಇಲ್ಲಿ ಎಲ್ಲರಿಗೂ ಗೊತ್ತು."

ಎಲ್ಲರಿಗೂ ಗೊತ್ತಿತ್ತು. ಅದೇ ತಾನೇ ಕಷ್ಟ. ಪ್ರಶ್ನೆಯಕ್ಕ ಏನು ಹೇಳಿದರೂ ಅದು ಅವಳ ಕೊರಳಿಗೇ ಬಂತು. ಎಂಟು ಮನೆಯ ಉತ್ತರ ತುಂಬಿದ್ದು ಅವಳ ಪಾಸ್‌ವರ್ಡಿನಲ್ಲಿ. ನಡೆದದ್ದು ಅವಳ ಕಾಲು. ಚೀಲ ಹೊರುತ್ತಿದ್ದವಳು ಅವಳೇ ಎಂದು ಓಣಿಗೆ ಓಣಿಯೇ ಸಾಕ್ಷಿ. ಬೇರೆ ಬೇರೆ ಹೋಗಿ ಎಂದವರು ನೀವೇ ಅಲ್ಲವೇ ಎಂದು ಸೂಪರ್‌ವೈಸರ್ ಕಡೆ ತಿರುಗಿದರೆ, ಅವನು ತಾನು ಹಾಗೆ ಹೇಳೇ ಇಲ್ಲ ಎಂದು ಗೋಣು ಅಲ್ಲಾಡಿಸಿದ. ಅಧಿಕಾರಿ ಕೆಟ್ಟವಳಲ್ಲ. ನಿಮ್ಮ ಮಾತಿಗೆ ಏನಾದರೂ ಆಧಾರ ಇದ್ದರೆ ತನ್ನಿ, ಈ ವಾರ ಮುಗಿಯುವವರೆಗೆ ತಡೆದಿರುತ್ತೇನೆ ಎಂದಳು. ಆಧಾರ ಸಿಗದಿದ್ದರೆ ಹೆಸರು ಕಪ್ಪುಪಟ್ಟಿಗೆ ಹೋಗುತ್ತದೆ, ಮುಂದೆ ಯಾವ ಸಮೀಕ್ಷೆಯಲ್ಲೂ ಯಾವ ಬಾಗಿಲನ್ನೂ ತಟ್ಟುವ ಹಾಗಿಲ್ಲ.

ಮರುದಿನ ಪ್ರಶ್ನೆಯಕ್ಕ ದಿಣ್ಣೆ ಹತ್ತಿದಳು. ನಾಲ್ಕನೇ ಮಹಡಿಯಲ್ಲಿ ಒಬ್ಬಾಕೆ ಬಟ್ಟೆ ಹಿಂಡುತ್ತಿದ್ದವಳು ಕೈ ಒರೆಸಿಕೊಂಡು ಬಂದು ಎಲ್ಲವನ್ನೂ ಕೇಳಿದಳು. ಕೇಳಿ ಮರುಗಿದಳು.

"ಮೊದಲ ದಿನ ಇಬ್ಬರೂ ಬಂದಿರಿ, ನಾಳೆ ಬನ್ನಿ ಅಂದೆ. ಆಮೇಲೆ ಯಾರೂ ಬರಲಿಲ್ಲ ಕಣಕ್ಕ. ನೀನೂ ಬರಲಿಲ್ಲ, ಅವಳೂ ಬರಲಿಲ್ಲ. ಬೇಕಾದ್ರೆ ಬರೆದು ಕೊಡ್ತೀನಿ."

ಪ್ರಶ್ನೆಯಕ್ಕ ಕಂಬಿ ಹಿಡಿದು ಅಲ್ಲೇ ನಿಂತಳು. ತಾನು ಬರಲಿಲ್ಲ ಎನ್ನುವುದೇ ತನ್ನ ಮೇಲಿನ ಅಪವಾದ. ಈ ಒಳ್ಳೆಯ ಹೆಂಗಸಿನ ಸತ್ಯ ತಕ್ಕಡಿಯ ಸುಳ್ಳಿಗೇ ಮುದ್ರೆ ಒತ್ತುವಂಥದ್ದು. ಬೇಡಮ್ಮ, ನಿನ್ನ ಬಟ್ಟೆ ಒಣಗಿಸು ಎಂದು ಹೇಳಿ ಇಳಿದಳು. ಕೈಗೆ ಅಂಟಿದ ಕಂಬಿಯ ಬಣ್ಣವನ್ನು ನಲ್ಲಿಯಲ್ಲಿ ತಿಕ್ಕಿ ತಿಕ್ಕಿ ತೊಳೆದಳು.

ಹೆಸರು ಕಪ್ಪುಪಟ್ಟಿಗೆ ಹೋಯಿತು. ಗಂಡ ತಕ್ಕಡಿಯ ಕೋಣೆಗೆ ಹೋಗಿ ರಂಪ ಮಾಡುತ್ತೇನೆಂದು ಎದ್ದ, ಇವಳು ಬಾಗಿಲಿಗೆ ಅಡ್ಡ ನಿಂತಳು. ಮಗಳು ಚಿಕ್ಕಮ್ಮ ಯಾಕೆ ಬರುತ್ತಿಲ್ಲ ಎಂದು ಕೇಳಿದಾಗ ಅವಳಿಗೆ ಕೆಲಸ ಜಾಸ್ತಿ ಎಂದಳು. ಜೀವನದಲ್ಲಿ ಯಾರಿಗೂ ಉತ್ತರ ಹೇಳಿಕೊಡದವಳು ಮಗಳಿಗೆ ಸುಳ್ಳು ಉತ್ತರ ಹೇಳಿಕೊಟ್ಟಳು. ಕೆಲಸ ಹೋದ ನೋವು ಒಂದು ಕಡೆ, ಅದನ್ನು ಹೇಗೋ ನುಂಗಬಹುದು. ಒಂದು ಬಟ್ಟೆ ಅಂಗಡಿಯಲ್ಲಿ ಮಡಿಸುವ ಕೆಲಸ ಸಿಕ್ಕಿತು. ನುಂಗಲಾಗದ್ದು ಬೇರೆ. ಕಾಸು ಕದ್ದಿದ್ದರೆ, ಚಾಡಿ ಹೇಳಿದ್ದರೆ, ಗಂಡನನ್ನೇ ಹಾರಿಸಿಕೊಂಡು ಹೋಗಿದ್ದರೂ ಬಾಯಿ ತುಂಬ ಶಾಪ ಹಾಕಬಹುದಿತ್ತು. ತಕ್ಕಡಿ ತೆಗೆದುಕೊಂಡದ್ದು ಅವಳ ಕಾಲನ್ನು, ಅವಳ ಕನಿಕರವನ್ನು. ಮಂಡಿನೋವು ಸುಳ್ಳಾಗಿದ್ದರೆ ದ್ವೇಷಿಸುವುದಾದರೂ ಸುಲಭವಿತ್ತು. ಬಟ್ಟೆ ಮಡಿಸುತ್ತಾ ಮಡಿಸುತ್ತಾ ಅವಳಿಗೆ ಆ ಬೆಳಗುಗಳೇ ನೆನಪಾಗುತ್ತಿದ್ದವು. ಚೀಲದ ಪಟ್ಟಿ ಬಿಗಿಯುವಾಗ ತಕ್ಕಡಿಯೇ ಹಿಂದಿನಿಂದ ಕೈ ಹಾಕಿ ಗಂಟು ಸರಿ ಮಾಡುತ್ತಿದ್ದಳು. ಸಡಿಲ ಇದ್ರೆ ನಿನಗೇ ಸೊಂಟ ನೋವು ಎನ್ನುತ್ತಿದ್ದಳು.

ಮುಂದಿನ ವರ್ಷ ಗಂಡನ ರಕ್ತದೊತ್ತಡ ತೋರಿಸಲು ಆಸ್ಪತ್ರೆಗೆ ಹೋದಾಗ ಗೋಡೆಯ ಮೇಲೊಂದು ಹೊಸ ಚಿತ್ರಪಟ ಕಂಡಿತು. ನಗುನಗುತ್ತಾ ನಡೆಯುವ ಹೆಂಗಸರ ಸಾಲು. ಕೆಳಗೆ ಸಮೀಕ್ಷೆಯ ಮುದ್ರೆ. ದಿಣ್ಣೆ ಪ್ರದೇಶದ ಮಹಿಳೆಯರು ಉಳಿದ ಎಲ್ಲ ಕಡೆಯವರಿಗಿಂತ ಹೆಚ್ಚು ನಡೆಯುತ್ತಾರೆ, ಎಲ್ಲರಿಗೂ ಮಾದರಿಯಾಗಿದ್ದಾರೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಗಂಡ ಒಳಗೆ ಹೋಗಿದ್ದ. ಬೆಂಚಿನ ಮೇಲೆ ಕೂರಲು ತಿರುಗಿದಾಗ ಅಲ್ಲಿ ಆಗಲೇ ಕೂತಿದ್ದವಳು ತಕ್ಕಡಿ. ಮಂಡಿಗೆ ಪಟ್ಟಿ ಸುತ್ತಿತ್ತು, ಮುಖ ಇಳಿದಿತ್ತು. ಎದ್ದು ಹೋಗಲು ನೋಡಿದಳು, ಕಾಲು ಏಳಲಿಲ್ಲ.

ಪ್ರಶ್ನೆಯಕ್ಕ ಪಕ್ಕದಲ್ಲಿ ಕೂತಳು. ಆ ಎಂಟನ್ನು ತೆಗೆದುಹಾಕಲಿಲ್ಲವೇ ಎಂದು ಚಿತ್ರಪಟದ ಕಡೆ ಕಣ್ಣು ತೋರಿಸಿ ಕೇಳಿದಳು. ತಕ್ಕಡಿ ತಲೆ ತಗ್ಗಿಸಿಯೇ ಹೇಳಿದಳು. ತೆಗೆದರೆ ದಿಣ್ಣೆಯ ಲೆಕ್ಕ ಕಡಿಮೆ ಬೀಳುತ್ತಿತ್ತಂತೆ, ಇಡೀ ಪ್ರದೇಶವನ್ನು ಮೊದಲಿನಿಂದ ಮಾಡಬೇಕಿತ್ತಂತೆ. ಅಷ್ಟು ಹೊತ್ತಿಗೆ ವರದಿ ಅಚ್ಚಿಗೆ ಹೊರಟಿತ್ತು. ನಡಿಗೆ ಹೇಗೂ ನಿಜವಾದ ಮನುಷ್ಯರದೇ ಅಲ್ಲವೇ, ಇರಲಿ ಎಂದು ಮೇಲಿನವರು ಹೇಳಿ ಬಿಟ್ಟರಂತೆ. ಕನ್ನಡಕದ ಅಧಿಕಾರಿ ಆಗಲ್ಲ ಎಂದದ್ದಕ್ಕೆ ಅವಳಿಗೆ ಬೇರೆ ಊರಿಗೆ ವರ್ಗವಾಯಿತಂತೆ.

ಅಂದರೆ ಪ್ರಶ್ನೆಯಕ್ಕನನ್ನು ಸುಳ್ಳಿ ಎಂದು ಹೊರಗೆ ಹಾಕಿದವರು ಅವಳ ಸೊಂಟದ ಲೆಕ್ಕವನ್ನು ಮಾತ್ರ ಸತ್ಯವೆಂದು ಒಳಗಿಟ್ಟುಕೊಂಡಿದ್ದರು. ಗೋಡೆಯ ಮೇಲೆ ನಗುತ್ತಾ ನಡೆಯುತ್ತಿದ್ದ ಅಷ್ಟೂ ಹೆಂಗಸರಲ್ಲಿ ಒಬ್ಬಳಿಗೂ ಕಾಲು ಗಿಡ್ಡವಿರಲಿಲ್ಲ.

"ನನಗೆ ಕೆಲಸ ಬಿಟ್ರೆ ಯಾರಿದ್ದಾರೆ ಹೇಳು," ಎಂದಳು ತಕ್ಕಡಿ. "ನಿನಗೆ ಗಂಡ ಇದ್ದಾನೆ, ಮಗಳಿದ್ದಾಳೆ. ನೀನು ತಡ್ಕೋತೀಯ ಅಂದ್ಕೊಂಡೆ."

ಪ್ರಶ್ನೆಯಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಗಿಲುಗಳಲ್ಲಿ ಕೇಳುತ್ತಿದ್ದ ಅದೇ ಸಮಾಧಾನದ ದನಿಯಲ್ಲಿ ಕೇಳಿದಳು.

"ಆ ಒಂದು ವಾರದಲ್ಲಿ, ನನಗೆ ನಿಜ ಹೇಳಬೇಕು ಅಂತ ಎಷ್ಟು ದಿನ ಅನ್ನಿಸಿತು?"

ಕೇಳಿ ಸುಮ್ಮನಾದಳು. ಮುಖ ಹಿಂಡಲಿಲ್ಲ, ಹುಬ್ಬು ಹಾರಿಸಲಿಲ್ಲ. ಒಳಗೆ ಯಾರದೋ ಹೆಸರು ಕೂಗಿದರು, ಒಂದು ಮಗು ಕೆಮ್ಮಿತು, ನರ್ಸು ಹಾದುಹೋದಳು. ತಕ್ಕಡಿ ಮಂಡಿಯ ಪಟ್ಟಿಯ ತುದಿಯನ್ನು ಎಳೆಯುತ್ತಾ ಕೂತಿದ್ದಳು.

"ಮೊದಲ ದಿನ," ಎಂದಳು ಕೊನೆಗೆ. "ಆಮೇಲೆ ಅಭ್ಯಾಸ ಆಗೋಯ್ತು."

ತಕ್ಕಡಿಯ ಸರದಿ ಬಂತು. ಬೆಂಚಿನ ಅಂಚು ಹಿಡಿದು ಏಳುವಾಗ ಹೆಗಲ ಚೀಲ ಜಾರಿ ಇಬ್ಬರ ನಡುವೆ ನೆಲಕ್ಕೆ ಬಿತ್ತು. ಬಗ್ಗಲು ಅವಳಿಗೆ ಆಗುತ್ತಿರಲಿಲ್ಲ. ಪ್ರಶ್ನೆಯಕ್ಕನ ಕೈ ತಾನಾಗಿಯೇ ಚೀಲದ ಪಟ್ಟಿಯವರೆಗೆ ಹೋಯಿತು. ಆ ಕೈಯನ್ನು ವಾಪಸ್ಸು ತೆಗೆದುಕೊಂಡು ಮಡಿಲಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡು ಕೂತಳು. ತಕ್ಕಡಿ ಮೆಲ್ಲಗೆ, ಗೋಡೆ ಹಿಡಿದುಕೊಂಡು, ಬಹಳ ಹೊತ್ತು ತೆಗೆದುಕೊಂಡು ಬಗ್ಗಿದಳು. ಪ್ರಶ್ನೆಯಕ್ಕ ಅತ್ತ ನೋಡಲಿಲ್ಲ. ಅತ್ತ ನೋಡದ ಆ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.